ಟೈಮ್‌ಶೀಟಿನ ಕತೆ ಬರೀಲಿಲ್ಲ ನೀವು
ಕಂಪೆನಿಗಳಿಗೆ ಸಲಹೆ ಕೊಡುವ ಈ ಕನ್ಸಲ್ಟಿಂಗ್ ಕೆಲಸ ಅಂದ್ರೆ ವಿಮಾನ, ದೊಡ್ಡ ಹೋಟೆಲು ಅಂತ ನಿಮ್ಮ ಲೇಖನದಲ್ಲಿ ಬರ್ದಿದ್ದೀರಿ, ಅದೂ ಉಂಟು ಮಾರಾಯ್ರೆ, ಇಲ್ಲ ಅಂತಲ್ಲ. ನಾನು ಕಾಸರಗೋಡಿನ ಬದಿಯಡ್ಕದವ, ಆರು ವರ್ಷದಿಂದ ಇದೇ ಕೆಲಸ. ಸುರುವಿಗೆ ಲಾಯ್ಕಿತ್ತು, ಒಂದೇ ವರ್ಷದಲ್ಲಿ ಸಿಮೆಂಟು, ಬ್ಯಾಂಕು, ಆಸ್ಪತ್ರೆ ಮೂರರ ಒಳಗುಟ್ಟೂ ಕಲಿತೆ. ಆದ್ರೆ ಈ ಟೈಮ್‌ಶೀಟ್ ಉಂಟಲ್ಲ, ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯ್ತು ಅಂತ ಬರ್ದಿಡುವ ಪಟ್ಟಿ, ಅದು ಜೀವ ತಿಂತದೆ. ಕ್ಲೈಂಟಿಗೆ ಬಿಲ್ ಮಾಡಿದ ಗಂಟೆ ಮಾತ್ರ ಲೆಕ್ಕ, ಪ್ರಾಜೆಕ್ಟ್ ಮುಗಿದು ಬೆಂಚಲ್ಲಿ, ಅಂದ್ರೆ ಮುಂದಿನ ಪ್ರಾಜೆಕ್ಟ್ ಸಿಗದೆ ಸುಮ್ನೆ, ಕೂತ್ರೆ ಸಂಬಳ ಬಂದ್ರೂ ನಿದ್ದೆ ಬರುದಿಲ್ಲ, ಯುಟಿಲೈಸೇಶನ್, ಅಂದ್ರೆ ಒಟ್ಟು ಗಂಟೆಯಲ್ಲಿ ಬಿಲ್ ಆದ ಗಂಟೆಯ ಪಾಲು, ಇಳಿದ್ರೆ ಪ್ರಮೋಶನ್ ಇಲ್ಲ, ಅದಿಲ್ಲದಿದ್ರೆ ಮೆಲ್ಲ ಬಾಗಿಲು ತೋರಿಸ್ತಾರೆ. ಕಳೆದ ಮಳೆಗಾಲ ಅಡಿಕೆಗೆ ಕೊಳೆರೋಗ ಬಂದು ಮದ್ದು ಬಿಡ್ಲಿಕ್ಕೆ ಜನ ಸಿಗದೆ ಅಪ್ಪ ಒದ್ದಾಡುವಾಗ ನಾನು ರಾತ್ರಿ 2 ಗಂಟೆಗೆ ಸ್ಲೈಡಿನ ಬಣ್ಣ ಸರಿಮಾಡ್ತಾ ಕೂತಿದ್ದೆ. ಅಮ್ಮನಿಗಂತೂ ನನ್ನ ಕೆಲಸ ಎಂತದ್ದು ಅಂತ ಇವತ್ತಿಗೂ ಗೊತ್ತಿಲ್ಲ, "ಕಂಪೆನಿಯವರಿಗೆ ಬುದ್ಧಿ ಹೇಳುದು" ಅಂತ ನೆರೆಕರೆಯಲ್ಲಿ ಹೇಳ್ತಾರೆ.