ಕಪ್ ಮೊದಲು, ಕಬಡ್ಡಿ ಆಮೇಲೆ

'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ಸಂಜೆ 7 ಗಂಟೆಗೆ ಸರಿಯಾಗಿ' ಎಂದು ಫ್ಲೆಕ್ಸಿನಲ್ಲಿತ್ತು. ನಾನು ಏಳಕ್ಕೆ ಸರಿಯಾಗಿ ಹೋದೆ. ತಪ್ಪು ನನ್ನದೇ. ಕಾರಟಗಿ ಕಡೆಯ ಆ ಊರಿನ ಬಯಲಿನಲ್ಲಿ ಹೊನಲು ಬೆಳಕಿತ್ತು, ಬೆಳಕಿಗೆ ಮುತ್ತಿದ ಗದ್ದೆಯ ಹುಳು ಇತ್ತು, ಮಿರ್ಚಿ ಕರಿಯುವ ಗಾಡಿ ಇತ್ತು, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಇತ್ತು. ಕಬಡ್ಡಿ ಇರಲಿಲ್ಲ.

ನನ್ನ ಕಬಡ್ಡಿ ಜ್ಞಾನವೆಲ್ಲ ಟಿವಿಯದು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಗುಜರಾತಿನವರನ್ನು 38-33ರಿಂದ ಕೆಡವಿದಾಗ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದ. ಅದನ್ನು ನೋಡಿದ ಮೇಲೆ ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ. ಟಿವಿಯಲ್ಲಿ ವೇದಿಕೆ ತೋರಿಸುವುದಿಲ್ಲ ಎಂಬುದು ಮಾತ್ರ ಲಕ್ಷ್ಯಕ್ಕೆ ಬಂದಿರಲಿಲ್ಲ.

ಹೊತ್ತು ಹೋಗದೆ ಫ್ಲೆಕ್ಸ್ ಓದಿದೆ. ಮೇಲೆ ದೇವರು, ದೇವರಿಗಿಂತ ದೊಡ್ಡದಾಗಿ ಮುಖ್ಯ ಅತಿಥಿ, ಕೆಳಗೆ ಪಾಸ್‌ಪೋರ್ಟ್ ಅಳತೆಯಲ್ಲಿ 'ಶುಭ ಕೋರುವವರು'. ಎಣಿಸಿದೆ, 46 ಮಂದಿ. ಮೊದಲ ಬಹುಮಾನದ 25,001 ರೂಪಾಯಿ ಕೊಟ್ಟವರದೂ ಫೋಟೋ, ನೀರಿನ ಕ್ಯಾನ್ ಕೊಟ್ಟವರದೂ ಫೋಟೋ. ಆಡುವವರ ಪೈಕಿ ಮೂಲೆಯಲ್ಲಿ ಒಬ್ಬನಿದ್ದ. ಅವನೂ ಊರವನಲ್ಲ, ನೆಟ್‌ನಿಂದ ಇಳಿಸಿಕೊಂಡ ಪ್ರೊ ಕಬಡ್ಡಿ ಆಟಗಾರ. ಪಾಪ, ಮೊಣಕಾಲಿನ ಕೆಳಗೆ ಅವನನ್ನು ಕತ್ತರಿಸಿ ಆ ಜಾಗದಲ್ಲಿ ಶಾಮಿಯಾನದವರ ಮೊಬೈಲ್ ನಂಬರ್ ಹಾಕಿದ್ದರು.

ಪಕ್ಕದಲ್ಲಿ ಒಬ್ಬ ಅಜ್ಜ ಗೊಬ್ಬರದ ಚೀಲ ಹಾಸುತ್ತಿದ್ದ.

"ಯಾವೂರು ತಮ್ಮಾ?"

"ಗಂಗಾವತಿ ರೀ. ಏಳಕ್ಕ ಅಂತ ಬರದಿದ್ರಲ್ಲ..."

"ಗಂಗಾವತ್ಯಾಗ ಏಳು ಅಂದ್ರ ಏಳಕ್ಕ ಚಾಲೂ ಮಾಡ್ತಾರೇನು?"

ಉತ್ತರ ಅವನಿಗೂ ಗೊತ್ತಿತ್ತು, ನನಗೂ. ತಾನು ಜಾಗ ಹಿಡಿಯಲು ಬಂದವನೆಂದೂ, ವೇದಿಕೆ ತುಂಬಿದ ಮೇಲೂ ಎಬ್ಬಿಸಬಾರದೆಂದೂ, ಅದು ಖಾಲಿಯಾದಾಗ ಎಬ್ಬಿಸಬೇಕೆಂದೂ ಹೇಳಿ ಟವೆಲ್ ತಲೆಗಿಟ್ಟು ಮಲಗಿಬಿಟ್ಟ. ಇಂಥ ಅನುಭವಿ ಪ್ರೇಕ್ಷಕನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡು ಮದುವೆ ಮುಗಿಸಿ ಗಣ್ಯರು ಬಂದಾಗ ಒಂಬತ್ತೂ ಮುಕ್ಕಾಲು. ಕ್ರೇನ್ ಒಂದು ಸೇಬಿನ ಹಾರ ಎತ್ತಿ ಹಿಡಿಯಿತು. ಹಾರ ಗಣ್ಯರ ಕೊರಳಿಗೆ ಇನ್ನೂ ಮುಟ್ಟಿತ್ತೋ ಇಲ್ಲವೋ, ನಾಲ್ಕೂ ದಿಕ್ಕಿನಿಂದ ಹುಡುಗರು ನುಗ್ಗಿ ಸೇಬು ಕಿತ್ತುಕೊಂಡು, ಪೊಲೀಸರ ಕೈಗೆ ಸಿಗದೆ ಗೆರೆ ದಾಟಿ ಓಡಿದರು. ಆ ರಾತ್ರಿಯ ಮೊದಲ ನಿಜವಾದ ರೈಡ್ ಅದೇ. ಕೈಗೆ ಸಿಕ್ಕ ಒಬ್ಬನ ಕಿಸೆಯಲ್ಲಿ ಮೂರು ಸೇಬಿದ್ದವು.

ಆಮೇಲೆ ಭಾಷಣ. ವೇದಿಕೆಯ ಮೇಲೆ 19 ಕುರ್ಚಿ. ಮೈಕ್ ಹಿಡಿದವರೆಲ್ಲ 'ಆಸೀನರಾಗಿರುವ' ಹತ್ತೊಂಬತ್ತೂ ಮಂದಿಯ ಹೆಸರು ಹೇಳಬೇಕು, ಒಂದು ಬಿಟ್ಟರೆ ಹಿಂದಿನಿಂದ ಚೀಟಿ ಬರುತ್ತದೆ, ಚೀಟಿ ಬಂದರೆ ಕ್ಷಮೆ ಕೇಳಿ ಮತ್ತೆ ಮೊದಲಿನಿಂದ. "ಆಟಗಾರರು ಕಾಯಾಕತ್ತ್ಯಾರ, ನಾ ಹೆಚ್ಚಿಗಿ ಮಾತಾಡಂಗಿಲ್ಲ" ಎಂದು ಎದ್ದ ಮುಖ್ಯ ಅತಿಥಿಗಳು 24 ನಿಮಿಷ ಮಾತಾಡಿದರು. ಒಂದು ರೈಡಿಗೆ 30 ಸೆಕೆಂಡ್ ಲೆಕ್ಕ ಹಿಡಿದರೆ 48 ರೈಡ್. ಅಂಕಣದೊಳಗೆ 'ಕಬಡ್ಡಿ, ಕಬಡ್ಡಿ' ಎನ್ನುತ್ತ ಹೋದವನು ಉಸಿರು ಬಿಟ್ಟರೆ ರೆಫರಿ ಸೀಟಿ ಊದುತ್ತಾನೆ. ಮೈಕಿನ ಮುಂದೆ ನಿಂತವರಿಗೂ ಅದೇ ನಿಯಮ ಹಚ್ಚಿದ್ದರೆ ನಾನು ಹತ್ತಕ್ಕೆಲ್ಲ ಮನೆ ಸೇರುತ್ತಿದ್ದೆ. ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದೇ ಮುಖ್ಯ ಎಂದು ಅವರು ಹೇಳುವಾಗ, ಭಾಗವಹಿಸಬೇಕಾದವರು ಬರಿಗಾಲಲ್ಲಿ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಏಳಕ್ಕೆ ಬಿಸಿಯಾಗಿದ್ದ ಮೈ ಆರಿಹೋಗಿ ಒಬ್ಬ ಟವೆಲ್ ಹೊದ್ದಿದ್ದ, ಇನ್ನೊಬ್ಬನ ಕೈಯಲ್ಲಿ ಮಂಡಾಳ ಒಗ್ಗರಣಿ.

ಉದ್ಘಾಟನೆಯೆಂದರೆ ಗಣ್ಯರೇ ಒಂದು ರೈಡ್ ಹೋಗುವುದು. ಬಿಳಿ ಅಂಗಿ, ಬಿಳಿ ಪ್ಯಾಂಟು, ಹೆಗಲ ಮೇಲೆ ಶಾಲು, ಕಾಲಲ್ಲಿ ಚಪ್ಪಲಿ, ಹಿಂದೆ ಇಬ್ಬರು ಕ್ಯಾಮೆರಾದವರು, ಅವರ ಹಿಂದೆ ಗನ್‌ಮ್ಯಾನ್. ಡಿಫೆಂಡರುಗಳು ತಾವೇ ಮುಂದೆ ಬಂದು ಒಬ್ಬೊಬ್ಬರಾಗಿ ಮುಟ್ಟಿಸಿಕೊಂಡರು. ಒಬ್ಬ ಕಾಲು ಹಿಡಿದ. ಹಿಡಿದದ್ದು ಎಳೆಯಲು ಅಲ್ಲ, ನಮಸ್ಕಾರಕ್ಕೆ. ಏಳಕ್ಕೆ ಏಳೂ ಮಂದಿ ಔಟ್, ಒಂದೇ ರೈಡಿನಲ್ಲಿ. ಪವನ್ ಸೆಹ್ರಾವತ್ ಇಡೀ ಪಂದ್ಯ ಬೆವರು ಸುರಿಸಿ ತಂದದ್ದನ್ನು ನಮ್ಮವರು ನಾಲ್ಕು ರೈಡಿನಲ್ಲಿ ದಾಟುತ್ತಿದ್ದರು. ಮೂರನೇ ಮದುವೆ ಇತ್ತಂತೆ, ಹೊರಟುಹೋದರು.

ಆಟ ಶುರುವಾದಾಗ ಹನ್ನೊಂದೂವರೆ. ಸಮಯದ ಅಭಾವವಿರುವುದರಿಂದ 20 ನಿಮಿಷದ ಒಂದೊಂದು ಅವಧಿಯನ್ನು 8 ನಿಮಿಷಕ್ಕೆ ಇಳಿಸಲಾಗಿದೆ ಎಂದು ಮೈಕ್ ಹೇಳಿತು. ಅಜ್ಜನನ್ನು ಎಬ್ಬಿಸಿದೆ. ಕೂತು ಕಣ್ಣುಜ್ಜಿ "ಇವತ್ತು ಲಗೂನ ಆತು" ಎಂದ.

ಒಪ್ಪಿಕೊಳ್ಳಬೇಕು, ಆಟ ಮಾತ್ರ ಚಂದಿತ್ತು. ಸಿಂಧನೂರು ಕಡೆಯ ಒಬ್ಬ ಸಣಕಲ ಹುಡುಗ ಮೂವರು ಮೇಲೆ ಬಿದ್ದರೂ ತೆವಳಿ ತೆವಳಿ ಬೆರಳ ತುದಿಯಿಂದ ನಡುಗೆರೆ ಮುಟ್ಟಿದಾಗ, ನಾನು ಯಾರ ಹೆಗಲನ್ನೋ ಗುದ್ದಿದ್ದೆ. ಆ ಹೆಗಲು ಅಜ್ಜನದು.

ಒಂದೂವರೆಗೆ ಮತ್ತೆ ಮೈಕ್. 25,001 ಕೊಟ್ಟವರು ಮುಂಜಾನೆ ಬೆಂಗಳೂರಿಗೆ ಹೋಗಬೇಕಾದ್ದರಿಂದ ಬಹುಮಾನ ವಿತರಣೆ ಈಗಲೇ, ಫೈನಲ್ ಆಮೇಲೆ. ಗೆದ್ದವರು ಯಾರೆಂದು ಗೊತ್ತಿಲ್ಲವಲ್ಲ? ಟಾಸ್ ಹಾಕಿದರು. ಟಾಸ್ ಗೆದ್ದ ಕ್ಯಾಪ್ಟನ್ ಕಪ್ ಎತ್ತಿದ, ಪಟಾಕಿ ಹಾರಿತು, ಫೋಟೋ ಆಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಎತ್ತಲು ಆರ್‌ಸಿಬಿಗೆ 18ನೇ ಸೀಸನ್ ಬರಬೇಕಾಯಿತು. ಅಲ್ಲಿಯವರೆಗೆ 'ಈ ಸಲ ಕಪ್ ನಮ್ದೇ' ಎಂದು ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಆಡುವ ಮೊದಲೇ ಈಸಿಕೊಳ್ಳುವ ಉಪಾಯ ನಮಗ್ಯಾರಿಗೂ ಹೊಳೆದಿರಲಿಲ್ಲ.

ಫೈನಲ್ ಮುಗಿದಾಗ ಮೂರೂವರೆ. ಟಾಸ್ ಗೆದ್ದವರು ಮೂರು ಪಾಯಿಂಟಿನಿಂದ ಸೋತರು. ಕಪ್ಪನ್ನು ಅವರ ಟಾಟಾ ಏಸ್‌ನಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. ಅದರ ಡ್ರೈವರ್ ಪಟಾಕಿ ಸದ್ದು ಕೇಳಿ, ವಾಟ್ಸಾಪಿನಲ್ಲಿ ಫೋಟೋ ನೋಡಿ, ಗೆದ್ದ ಸುದ್ದಿ ಮೊದಲು ತಾನೇ ಊರಿಗೆ ಮುಟ್ಟಿಸಬೇಕೆಂದು ಎರಡಕ್ಕೇ ಗಾಡಿ ಬಿಟ್ಟಿದ್ದ.

ನಾನು ಬೈಕ್ ಚಾಲೂ ಮಾಡುವಾಗಲೂ ಮೈಕ್ ಕೂಗುತ್ತಲೇ ಇತ್ತು: "ಟಾಟಾ ಏಸ್ ಚಾಲಕರು ಎಲ್ಲಿದ್ದರೂ ಕಪ್ಪಿನ ಸಮೇತ ವೇದಿಕೆ ಹತ್ತಿರ ಬರಬೇಕಾಗಿ ವಿನಂತಿ."