ಒಂದು ಅಕ್ಷರ ಬಿಟ್ಟವರು, ಐನೂರು ಪುಟ ಬಿಟ್ಟವಳು

ನಾನು ಓದುಗರ ಗುಂಪಿಗೆ ಸೇರಿದ್ದು ಸಾಹಿತ್ಯಪ್ರೇಮದಿಂದಲ್ಲ. ನ್ಯೂಜೆರ್ಸಿಯ ಜನವರಿಯಲ್ಲಿ ಕಿಟಕಿಯಾಚೆಯ ಹಿಮವನ್ನೂ ಸೋಫಾದ ಮೇಲಿನ ಗಂಡನನ್ನೂ ಸರದಿಯ ಮೇಲೆ ನೋಡುತ್ತ ಕೂರುವುದಕ್ಕಿಂತ, ಗ್ರಂಥಾಲಯದ ಬೆಚ್ಚನೆಯ ಕೋಣೆಯಲ್ಲಿ ಬಿಟ್ಟಿ ಕಾಫಿ ಕುಡಿಯುತ್ತ ನಾಲ್ಕು ಜನರ ಮಾತು ಕೇಳುವುದು ಮೇಲೆಂದು ತೋರಿ, ಓದಬೇಕಾದ ಪುಸ್ತಕ ಯಾವುದೆಂದು ವಿಚಾರಿಸದೆ ಹೆಸರು ಬರೆಸಿ ಬಂದೆ. ವಿಚಾರಿಸಬೇಕಿತ್ತು. ವಾರ ಕಳೆದ ಮೇಲೆ ನನ್ನ ಕೈಗೆ ಬಂದದ್ದು ಅಮೆರಿಕದ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಅವರ ಆತ್ಮಕಥೆ, ‘ಮೈ ನೇಮ್ ಈಸ್ ಬಾರ್ಬ್ರಾ’. 2023ರ ನವೆಂಬರಿನಲ್ಲಿ ಹೊರಬಂದ ಆ ಪುಸ್ತಕಕ್ಕೆ 970 ಪುಟ. ಮನೆಗೆ ತಂದು ಅಡುಗೆಮನೆಯ ತಕ್ಕಡಿಯ ಮೇಲಿಟ್ಟಾಗ ಮುಳ್ಳು ಒಂದು ಕಿಲೋ ದಾಟಿಯೂ ನಿಲ್ಲಲಿಲ್ಲ. ಆರು ತಿಂಗಳ ಮಟ್ಟಿಗೆ ಶಿವಮೊಗ್ಗದಿಂದ ಬಂದಿದ್ದ ನಮ್ಮತ್ತೆ ಅದನ್ನು ನೋಡಿ, “ಇದೇನು, ಕುಮಾರವ್ಯಾಸ ಭಾರತವೇನೇ?” ಎಂದು ಕೇಳಿದರು.

ತಿಂಗಳಿಗೆ ಎರಡು ಭಾನುವಾರದಂತೆ ಏಪ್ರಿಲ್ ಕೊನೆಯವರೆಗೆ ಎಂಟು ಸಭೆ, ಸಭೆಗೆ ನೂರಿಪ್ಪತ್ತು ಪುಟ ಎಂದು ಲೆಕ್ಕ ಹಾಕಲಾಗಿತ್ತು. ಪಿಯುಸಿಯಿಂದಲೂ ಪರೀಕ್ಷೆಯ ಹಿಂದಿನ ರಾತ್ರಿ ಮುಖ್ಯಾಂಶಗಳನ್ನು ಮಾತ್ರ ಓದಿ ದಡ ಸೇರಿದವಳು ನಾನು. ಆ ಅಭ್ಯಾಸದಂತೆ ಪುಸ್ತಕದ ಕೊನೆಗೆ ಹೋಗಿ, ಅಕಾರಾದಿಯಲ್ಲಿ ಯಾರ ಯಾರ ಹೆಸರು ಎಷ್ಟು ಪುಟಗಳಲ್ಲಿದೆಯೆಂದು ನೋಡಿ, ಬೇಕಾದದ್ದನ್ನು ಹೆಕ್ಕಿಕೊಳ್ಳುವ ಉಪಾಯ ಹೂಡಿದೆ. ಪುಸ್ತಕದಲ್ಲಿ ಅಕಾರಾದಿಯೇ ಇಲ್ಲ. ನನ್ನಂಥವರು ಹುಟ್ಟುತ್ತಾರೆಂದು ಗಾಯಕಿಗೆ ಮೊದಲೇ ಗೊತ್ತಿದ್ದಂತಿತ್ತು. ಹಿಂದಿನ ಅಧ್ಯಕ್ಷ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರು ಪ್ರಕಾಶನ ಸಂಸ್ಥೆಯೊಂದರ ಸಂಪಾದಕಿಯಾಗಿದ್ದಾಗ, 1984ರಷ್ಟು ಹಿಂದೆಯೇ, ಆತ್ಮಕಥೆ ಬರೆಯಿರಿ ಎಂದು ಈಕೆಯನ್ನು ಕೇಳಿದ್ದರಂತೆ. ಆಗಲೇ ಬರೆದಿದ್ದರೆ ಇನ್ನೂರೈವತ್ತು ಪುಟಕ್ಕೆ ಮುಗಿಯುತ್ತಿತ್ತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟದ್ದುಂಟು.

ಮೊದಲ ಸಭೆಯಲ್ಲಿಯೇ ಎಡವಿದೆ. ಗುಂಪಿನಲ್ಲಿ ಒಂಬತ್ತು ಮಂದಿ, ಅವರಲ್ಲಿ ಐವರು ಎಪ್ಪತ್ತು ದಾಟಿದ ಯಹೂದಿ ಮಹಿಳೆಯರು. ಅವರ ಪೈಕಿ ಹಿರಿಯರೊಬ್ಬರು ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಬಾರ್ಬ್ರಾ ಕಲಿತ ಇರಾಸ್ಮಸ್ ಹಾಲ್ ಹೈಸ್ಕೂಲಿನಲ್ಲಿಯೇ ಕೆಲವು ವರ್ಷ ತಡವಾಗಿ ಕಲಿತವರು. ಅವರನ್ನು ನಾನು ಮನಸ್ಸಿನಲ್ಲಿಯೇ ಬ್ರೂಕ್ಲಿನ್ ಅಜ್ಜಿ ಎಂದು ಕರೆದುಕೊಂಡೆ. ಪರಿಚಯದ ಮಾತಿನಲ್ಲಿ ನಾನು ಗಾಯಕಿಯ ಹೆಸರನ್ನು ‘ಸ್ಟ್ರೈಝಂಡ್’ ಎಂದು ನಾಲಿಗೆಯನ್ನು ಬಳುಕಿಸಿ ಹೇಳಿದೆ. ಇಲ್ಲಿ ಒಂದು ವಿವರಣೆ ಅಗತ್ಯ. ನಾನು ಊರಿನಿಂದ ಬರುವಾಗ ನನ್ನ ಬಾಯಲ್ಲಿ ಝಕಾರವೇ ಇರಲಿಲ್ಲ. ‘ಬಿಸಿನೆಸ್’ ಎನ್ನುತ್ತಿದ್ದೆ, ‘ಹಸ್ಬೆಂಡ್’ ಎನ್ನುತ್ತಿದ್ದೆ. ಹತ್ತು ವರ್ಷ ಆಫೀಸಿನವರ ನಗುವನ್ನು ಸಹಿಸಿ, ಕಂಡ ಕಂಡ ಸಕಾರವನ್ನೆಲ್ಲ ಝಕಾರ ಮಾಡಿಕೊಂಡು, ಗಂಡನನ್ನು ‘ಹಝ್ಬೆಂಡ್’ ಪದವಿಗೆ ಏರಿಸಿದ್ದೆ. ಆ ಸಾಧನೆಯನ್ನು ಬ್ರೂಕ್ಲಿನ್ ಅಜ್ಜಿ ಒಂದೇ ಮಾತಿನಲ್ಲಿ ನೆಲಕ್ಕೆ ಕೆಡವಿದರು. “ಝ ಅಲ್ಲಮ್ಮ, ಸ. ಸಮುದ್ರದ ದಂಡೆಯ ‘ಸ್ಯಾಂಡ್’ ಇದೆಯಲ್ಲ, ಆ ಸ.” ಆಪಲ್ ಮೊಬೈಲಿನಲ್ಲಿ ಮಾತಾಡುವ ಸಹಾಯಕಿ ಸಿರಿ ಕೂಡ ನನ್ನ ಹಾಗೆಯೇ ತಪ್ಪು ಹೇಳುತ್ತಿತ್ತಂತೆ, ಬಾರ್ಬ್ರಾ ಅವರು 2016ರಲ್ಲಿ ಆ ಕಂಪನಿಯ ಆಗಿನ ಮುಖ್ಯಸ್ಥ ಟಿಮ್ ಕುಕ್ ಅವರಿಗೇ ದೂರವಾಣಿ ಮಾಡಿ ಅದನ್ನು ತಿದ್ದಿಸಲು ಹೇಳಿದರಂತೆ. ಊರಿನ ನಾಲಿಗೆಯನ್ನು ಇದ್ದ ಹಾಗೆಯೇ ಬಿಟ್ಟಿದ್ದರೆ ಅಂದು ನಾನೊಬ್ಬಳೇ ಸರಿಯಾಗಿ ಹೇಳಿದವಳಾಗುತ್ತಿದ್ದೆ.

ಹೆಸರಿನ ವಿಚಾರದಲ್ಲಿ ಈಕೆಯ ಹಟ ಹಳೆಯದು. ಹುಟ್ಟಿದಾಗ ಇಟ್ಟ ಹೆಸರು ಬಾರ್ಬರಾ. ಹೆಸರನ್ನು ಪೂರ್ತಿ ಬದಲಿಸಿಕೊಳ್ಳಲು ಒಪ್ಪದೆ, ಎಲ್ಲರಂತೆಯೂ ಇರಲಾರದೆ, ನಡುವಿನ ಒಂದು ‘ಎ’ ಅಕ್ಷರವನ್ನು ಮಾತ್ರ ಕಿತ್ತು ಹಾಕಿದರು. ಇಂಗ್ಲಿಷಿನಲ್ಲಿ ಅದೊಂದು ನಷ್ಟ. ಕನ್ನಡದಲ್ಲಿ ಬರೆದರೆ ರಕಾರವು ಎಲ್ಲಿಗೂ ಹೋಗದೆ ಬಕಾರದ ಕಾಲ ಬಳಿ ಒತ್ತಾಗಿ ಕುಳಿತುಕೊಳ್ಳುತ್ತದೆ. ಇದನ್ನು ನಾನು ಸಭೆಯಲ್ಲಿ ಬಿಳಿಯ ಹಲಗೆಯ ಮೇಲೆ ಬರೆದು ತೋರಿಸಿ ಕಳೆದ ಮಾನವನ್ನು ಸ್ವಲ್ಪ ಮಟ್ಟಿಗೆ ಮರಳಿ ಪಡೆದೆ.

ಮುಂದಿನ ಉಪಾಯ ಕೇಳುಪುಸ್ತಕ. ಬಾರ್ಬ್ರಾ ಅವರೇ ಓದಿದ್ದಾರೆ, ನಡುನಡುವೆ ಹಾಡಿನ ತುಣುಕುಗಳೂ ಇವೆ ಎಂದು ಕೇಳಿ ಹಿಗ್ಗಿದೆ. ಅದರ ಅವಧಿ 48 ಗಂಟೆಗಿಂತ ಹೆಚ್ಚು ಎಂದು ತಿಳಿದಾಗ ಹಿಗ್ಗು ಇಳಿಯಿತು. ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸಿದರೆ 32 ಗಂಟೆಯಲ್ಲಿ ಮುಗಿಯುತ್ತದೆಂದು ಹಾಗೆಯೇ ಮಾಡಿದೆ. ಹಾಡು ಬಂದಾಗ ಜಗತ್ತು ಕೊಂಡಾಡಿದ ಆ ಕಂಠವು ರೈಲು ತಪ್ಪಿಹೋಗುತ್ತದೆಂದು ಹೆದರಿದವರಂತೆ ಓಡತೊಡಗಿತು. ಒಂದು ದಿನ ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ಯಲು ಕಾರು ಚಾಲೂ ಮಾಡಿದಾಗ, ನನ್ನ ಮೊಬೈಲು ತಾನಾಗಿಯೇ ಕಾರಿನ ಸ್ಪೀಕರಿಗೆ ಸೇರಿಕೊಂಡು, ಹಿಂದಿನ ರಾತ್ರಿ ನಿಲ್ಲಿಸಿದ್ದ ಜಾಗದಿಂದ ಕಥೆಯನ್ನು ಮುಂದುವರಿಸಿತು. ಆ ಜಾಗವಾದರೂ ಎಂಥದು! ನಟ ಮಾರ್ಲನ್ ಬ್ರಾಂಡೋ ಬಾರ್ಬ್ರಾ ಅವರ ಮುಂದೆ ತಮ್ಮ ಬಯಕೆಯನ್ನು ಯಾವ ಪೀಠಿಕೆಯೂ ಇಲ್ಲದೆ ಅರುಹುವ ಪ್ರಸಂಗ. ನಾನು ಗುಂಡಿ ತಡಕಾಡುತ್ತಿದ್ದಂತೆ ಗಾಳಿಯ ಗುಂಡಿ ಒತ್ತಿತು, ಮಳೆ ಒರೆಸುವ ಕಡ್ಡಿಗಳು ಎದ್ದು ಕುಣಿದವು, ಬ್ರಾಂಡೋ ಮಾತ್ರ ನಿಲ್ಲಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಅತ್ತೆ ಮುಖದ ಒಂದು ಗೆರೆಯೂ ಕದಲದಂತೆ ಎಲ್ಲವನ್ನೂ ಕೇಳಿ, ಬಾರ್ಬ್ರಾ ಅವರು ಆ ಪ್ರಸ್ತಾಪವನ್ನು ತಳ್ಳಿಹಾಕಿ, ಹಾಗಾದರೆ ಮ್ಯೂಸಿಯಂ ನೋಡಲು ಹೋಗೋಣ ಎಂಬ ಬ್ರಾಂಡೋ ಅವರ ಎರಡನೆಯ ಪ್ರಸ್ತಾಪವನ್ನು ಮೆಚ್ಚಿಕೊಂಡಾಗ, “ಬುದ್ಧಿವಂತೆ. ಆರಿಸಬೇಡ, ಮುಂದೆ ಏನಾಯ್ತು ನೋಡೋಣ” ಎಂದರು.

ಅಂದಿನಿಂದ ಕೇಳುಪುಸ್ತಕ ಅತ್ತೆಯ ವಶವಾಯಿತು. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ಬತ್ತಿ ಹೊಸೆಯುವಾಗ ಬಾರ್ಬ್ರಾ ಅವರು ಅಡುಗೆಮನೆಯಲ್ಲಿ ಮಾತಾಡುತ್ತಲೇ ಇದ್ದರು, ಅದೂ ತಮ್ಮ ಸಹಜ ವೇಗದಲ್ಲಿ. ಅವಸರ ಮಾಡುವುದು ಹಿರಿಯರಿಗೆ ಅಗೌರವವೆಂದು ಅತ್ತೆ ವೇಗವನ್ನು ಇಳಿಸಿದ್ದರು. ಹುಡುಗಿ ಟೈಪಿಂಗ್ ಕಲಿತು ಗುಮಾಸ್ತೆಯ ಕೆಲಸ ಹಿಡಿಯಲಿ ಎಂದು ತಾಯಿ ಹೇಳುತ್ತಿದ್ದರೆ, ಬಾರ್ಬ್ರಾ ಅವರು ಟೈಪ್ ಮಾಡಲಾಗದಂತೆ ಉಗುರನ್ನೇ ಉದ್ದ ಬೆಳೆಸಿಕೊಂಡರೆಂಬ ಭಾಗ ಬಂದ ದಿನ ಮಾತ್ರ ಅತ್ತೆ ಕೆರಳಿದರು. ಅವರ ಮೂವರು ಹೆಣ್ಣುಮಕ್ಕಳೂ ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲಿಯೇ ಟೈಪಿಂಗ್ ಜೂನಿಯರ್ ಕಟ್ಟಿ ಪಾಸಾದವರು. “ಆ ತಾಯಿ ಹೇಳಿದ್ದರಲ್ಲಿ ತಪ್ಪೇನಿದೆ? ಗಂಡ ಹೋದವಳು, ಎರಡು ಮಕ್ಕಳು” ಎಂದು ಮೂರು ದಿನ ವಾದಿಸಿದರು. ನಾನು ಬಾರ್ಬ್ರಾ ಪಕ್ಷ ವಹಿಸಬಹುದಿತ್ತು; ಆ ಭಾಗವನ್ನು ಓದಿರಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಇದರ ಫಲ ನಾಲ್ಕನೆಯ ಸಭೆಯಲ್ಲಿ ಸಿಕ್ಕಿತು. ಅಂದು ಬ್ರೂಕ್ಲಿನ್ ಅಜ್ಜಿ ಗುಂಪಿಗಿಂತ ಮುಂದೆ ಓದಿಕೊಂಡು ಬಂದಿದ್ದರು. ನನ್ನ ಕಡೆ ತಿರುಗಿ, “ಯೆಂಟಲ್ ನಿಮಗೆ ಹೇಗೆನಿಸಿತು?” ಎಂದು ಕೇಳಿದರು. ನಾನು ಓದಿದ್ದ ಅಷ್ಟಿಷ್ಟು ಪುಟಗಳಲ್ಲೆಲ್ಲ ಗಾಯಕಿ ಏನಾದರೊಂದು ತಿಂಡಿಯನ್ನು ನೆನೆದುಕೊಂಡಿದ್ದರು. ಹೆಸರು ಕೇಳಿದರೆ ಬೇಳೆಗೆ ಇಲ್ಲಿಯವರು ಹೇಳುವ ‘ಲೆಂಟಿಲ್’ ನೆನಪಾಗುವಂತಿತ್ತು. ತುಂಬು ವಿಶ್ವಾಸದಿಂದ, “ಓದುವಾಗಲೇ ಬಾಯಲ್ಲಿ ನೀರೂರಿತು, ಒಮ್ಮೆ ಮನೆಯಲ್ಲಿ ಮಾಡಿ ನೋಡಬೇಕೆಂದಿದ್ದೇನೆ” ಎಂದೆ. ಕಾಫಿ ಯಂತ್ರದ ಗುಳುಗುಳು ಸದ್ದೊಂದನ್ನು ಬಿಟ್ಟು ಕೋಣೆಯಲ್ಲಿ ಬೇರೆ ಸದ್ದು ಕೇಳಿಸಲಿಲ್ಲ. ಕೊನೆಗೆ ಅಜ್ಜಿ ಬಹಳ ಮೃದುವಾಗಿ, “ಅದನ್ನು ಮಾಡಲು ಅವರಿಗೆ ಹದಿನೈದು ವರ್ಷ ಹಿಡಿಯಿತಮ್ಮ” ಎಂದರು.

ಅನಂತರ ಅವರು ಹೇಳಿದ್ದನ್ನು ಕೇಳುತ್ತಿದ್ದಂತೆ ನನ್ನ ಕಿವಿ ಕೆಂಪಾದದ್ದು ನನಗೇ ಮರೆತುಹೋಯಿತು. ಯೆಂಟಲ್ ಎಂಬುದು ಐಸಾಕ್ ಬಾಷೆವಿಸ್ ಸಿಂಗರ್ ಅವರ ಕಥೆಯೊಂದರ ನಾಯಕಿ. ಹೆಣ್ಣಿಗೆ ಯಹೂದಿಗಳ ಧರ್ಮಗ್ರಂಥವಾದ ತಾಲ್ಮೂದ್ ಓದುವ ಅಧಿಕಾರವಿಲ್ಲದ ಕಾಲದಲ್ಲಿ, ತಂದೆ ತೀರಿಕೊಂಡ ಮೇಲೆ, ಗಂಡುವೇಷ ಹಾಕಿ ಪಾಠಶಾಲೆಗೆ ಸೇರುವ ಹುಡುಗಿ. ಆ ಕಥೆಯನ್ನು ತೆರೆಗೆ ತರಬೇಕೆಂದು ಹಟ ಹಿಡಿದ ಬಾರ್ಬ್ರಾ ಅವರು 1983ರಲ್ಲಿ ಅದನ್ನು ತಾವೇ ನಿರ್ಮಿಸಿ, ನಿರ್ದೇಶಿಸಿ, ಚಿತ್ರಕಥೆಯಲ್ಲಿ ಕೈಯಾಡಿಸಿ, ನಟಿಸಿ, ಹಾಡಿ ತೆರೆಗೆ ತಂದರು, ಮತ್ತು ನಿರ್ದೇಶನಕ್ಕಾಗಿ ಗೋಲ್ಡನ್ ಗ್ಲೋಬ್ ಪಡೆದ ಮೊದಲ ಮಹಿಳೆಯಾದರು. ಅವರ ತಂದೆ ಶಾಲಾ ಶಿಕ್ಷಕರು. ಮಗಳಿಗೆ ಹದಿನೈದು ತಿಂಗಳಾಗಿದ್ದಾಗ ತೀರಿಕೊಂಡವರು. ಮನೆಯಲ್ಲಿ ಬೊಂಬೆಯಿಲ್ಲದೆ ಆ ಮಗು ಬಿಸಿನೀರು ತುಂಬಿದ ರಬ್ಬರಿನ ಚೀಲವನ್ನೇ ಬೊಂಬೆಯೆಂದು ಎತ್ತಿ ಆಡಿಸುತ್ತಿತ್ತು, ಮಗುವನ್ನು ನೋಡಿಕೊಳ್ಳುತ್ತಿದ್ದ ನೆರೆಮನೆಯಾಕೆ ಅದಕ್ಕೊಂದು ಉಣ್ಣೆಯ ಅಂಗಿ ಹೆಣೆದುಕೊಟ್ಟಿದ್ದರು. ಬಾರ್ಬ್ರಾ ಅವರು ತಂದೆಯ ಸಮಾಧಿಯನ್ನು ಮೊದಲ ಬಾರಿಗೆ ನೋಡಿದ್ದು ಮಧ್ಯವಯಸ್ಸಿಗೆ ಹತ್ತಿರವಾದಾಗ, ಅಣ್ಣನ ಜೊತೆ. ಸಮಾಧಿಯ ಬಳಿ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಪಕ್ಕದ ಕಲ್ಲಿನ ಮೇಲಿನ ಹೆಸರು ಕಾಣುತ್ತಿತ್ತು: ಆನ್ಶೆಲ್. ಗಂಡುವೇಷದ ಯೆಂಟಲ್ ಇಟ್ಟುಕೊಳ್ಳುವ ಹೆಸರೂ ಅದೇ. ಅಜ್ಜಿ ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಆ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಆ ಪುಟಗಳನ್ನು ಒಂದು ಸಾಲೂ ಬಿಡದೆ ಓದಿದೆ. ಆ ಪುಸ್ತಕವನ್ನು ನಾನು ನಿಜವಾಗಿ ಓದತೊಡಗಿದ್ದು ಅಂದೇ.

ಓದತೊಡಗಿದ್ದೇ ಇನ್ನೊಂದು ಅನಾಹುತಕ್ಕೆ ದಾರಿಯಾಯಿತು. ರಾತ್ರಿಯ ಓದಿನ ನಡುವೆ ಪುಸ್ತಕವನ್ನು ಎದೆಯ ಮೇಲೆ ಕವುಚಿ ಹಾಕಿಕೊಂಡು, ಬಾಯಿ ತೆರೆದು ನಿದ್ದೆ ಹೋದ ನನ್ನ ಚಿತ್ರವನ್ನು ಗಂಡ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಬೆಳಿಗ್ಗೆ ನೋಡುವಾಗ ಅದನ್ನು ಮೂವರು ಮಾತ್ರ ನೋಡಿದ್ದರು. ನಾನು ಸುಮ್ಮನಿದ್ದಿದ್ದರೆ ಅದು ಶುಭೋದಯದ ಗುಲಾಬಿಗಳ ಅಡಿಯಲ್ಲಿ ಹೂತುಹೋಗುತ್ತಿತ್ತು. ನಾನೋ, “ದಯವಿಟ್ಟು ಯಾರೂ ಆ ಚಿತ್ರವನ್ನು ತೆರೆಯಬಾರದು” ಎಂದು ಗುಂಪಿಗೇ ಬರೆದೆ. ಸಂಜೆಯ ಹೊತ್ತಿಗೆ ದಾವಣಗೆರೆಯ ಚಿಕ್ಕಮ್ಮನ ಬೀಗರವರೆಗೂ ಅದು ತಲುಪಿತ್ತು. ಇಂಥ ಪ್ರಮಾದಕ್ಕೆ ಜಗತ್ತು ಇಟ್ಟಿರುವ ಹೆಸರೇ ‘ಸ್ಟ್ರೈಸ್ಯಾಂಡ್ ಪರಿಣಾಮ’ ಎಂಬುದನ್ನು ನೆನೆದು ಸಮಾಧಾನಪಟ್ಟೆ. ಕ್ಯಾಲಿಫೋರ್ನಿಯಾದ ಕರಾವಳಿಯ ಕೊರೆತವನ್ನು ದಾಖಲಿಸಲು ತೆಗೆದ ಸುಮಾರು 12,000 ಚಿತ್ರಗಳಲ್ಲಿ ತಮ್ಮ ಮನೆಯದೂ ಒಂದಿದೆಯೆಂದು ಅವರು 2003ರಲ್ಲಿ ಐದು ಕೋಟಿ ಡಾಲರಿನ ದಾವೆ ಹೂಡಿದ್ದರು. ಅದಕ್ಕೆ ಮೊದಲು ಆ ಚಿತ್ರವನ್ನು ಇಳಿಸಿಕೊಂಡಿದ್ದು ಆರೇ ಸಲ, ಅದರಲ್ಲಿಯೂ ಎರಡು ಅವರ ವಕೀಲರೇ. ದಾವೆಯ ಸುದ್ದಿ ಹಬ್ಬಿದ ಮೇಲೆ ಒಂದೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಭೇಟಿಗಳು. ತಕರಾರು ಇದ್ದದ್ದು ಚಿತ್ರದ ಬಗ್ಗೆಯಲ್ಲ, ಅದಕ್ಕೆ ತಮ್ಮ ಹೆಸರನ್ನು ಅಂಟಿಸಿದ್ದರ ಬಗ್ಗೆ ಎಂದು ಅವರ ವಿವರಣೆ. ನನಗೆ ಆ ಅನುಕೂಲವೂ ಇರಲಿಲ್ಲ. ಹೆಸರು ಬರೆಯದಿದ್ದರೂ ಆ ಬಾಯಿ ಯಾರದೆಂದು ಎಲ್ಲರಿಗೂ ಗೊತ್ತು.

ಕೊನೆಯ ಸಭೆ 2024ರ ಏಪ್ರಿಲ್ 28ರಂದು. ಏಪ್ರಿಲ್ 24ಕ್ಕೆ ಬಾರ್ಬ್ರಾ ಅವರಿಗೆ 82 ತುಂಬಿತ್ತಾದ್ದರಿಂದ ಅಂದೇ ಹುಟ್ಟುಹಬ್ಬವನ್ನೂ ಆಚರಿಸುವುದೆಂದು ನಿಶ್ಚಯವಾಯಿತು. ತೊಡಕೆಂದರೆ ಅದು ಯಹೂದಿಗಳ ಪಾಸೋವರ್ ಹಬ್ಬದ ವಾರ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಹೊರಟ ಪೂರ್ವಜರಿಗೆ ಹಿಟ್ಟು ಹುದುಗುವವರೆಗೆ ಕಾಯಲು ಬಿಡುವಿರಲಿಲ್ಲವೆಂಬುದರ ನೆನಪಿಗೆ, ಎಂಟು ದಿನ ಬ್ರೆಡ್ಡೂ ಇಲ್ಲ, ಕೇಕೂ ಇಲ್ಲ. ನಾನು ಥಟ್ಟನೆ ಕೈಯೆತ್ತಿ, ಗೋಧಿಯ ಸೋಂಕೇ ಇಲ್ಲದ ಮೈಸೂರು ಪಾಕ್ ಮಾಡಿ ತರುವೆನೆಂದು ಘೋಷಿಸಿದೆ. ಮಾಡಿದವರು ಅತ್ತೆ, ಅದು ಬೇರೆ ಮಾತು. ಈ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದವಳು ಮನೆಯಲ್ಲಿ ತಾನೊಬ್ಬಳೇ ಎಂದು ಅವರೂ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೊರಟರು.

ಡಬ್ಬಿಯ ಮುಚ್ಚಳ ತೆಗೆದಾಗ ತುಪ್ಪದ ಪರಿಮಳಕ್ಕೆ ಎಲ್ಲರೂ ಮುಂದಕ್ಕೆ ಬಾಗಿದರು. ಇದು ಯಾವುದರದೆಂದು ಬ್ರೂಕ್ಲಿನ್ ಅಜ್ಜಿ ಕೇಳಿದರು. ಕಡಲೆಹಿಟ್ಟು, ಸಕ್ಕರೆ, ತುಪ್ಪ ಎಂದೆ. ಬಾಗಿದ್ದವರಲ್ಲಿ ಇಬ್ಬರು ಹಿಂದಕ್ಕೆ ಸರಿದರು. ಪೂರ್ವ ಯುರೋಪಿನ ಮೂಲದ ಯಹೂದಿಗಳಾದ ಅಶ್ಕೆನಾಜಿಗಳು ಈ ಹಬ್ಬದಲ್ಲಿ ಬ್ರೆಡ್ಡು, ಕೇಕುಗಳ ಜೊತೆಗೆ ಅಕ್ಕಿ, ಮೆಕ್ಕೆಜೋಳ, ಕಡಲೆ, ಬೇಳೆಗಳನ್ನೂ ಬಿಡುವುದು ಶತಮಾನಗಳ ರೂಢಿಯಂತೆ. ಅಂಥ ಧಾನ್ಯಗಳಿಗೆ ಅವರು ಹೇಳುವುದು ‘ಕಿಟ್ನಿಯೋಟ್’. ಮೆಡಿಟರೇನಿಯನ್ ಕಡೆಯ ಸೆಫಾರ್ಡಿಗಳಿಗೆ ಆ ನಿರ್ಬಂಧವಿಲ್ಲ. ಇನ್ನೊಬ್ಬರು, ತಮ್ಮ ಪಂಗಡದ ಧರ್ಮಗುರುಗಳಾದ ರಬ್ಬಿಗಳ ಸಮಿತಿ 2015ರಲ್ಲಿ ಅಶ್ಕೆನಾಜಿಗಳಿಗೂ ಅನುಮತಿ ಕೊಟ್ಟಿದೆಯೆಂದು ಹೇಳಿ ಒಂದು ತುಂಡು ಎತ್ತಿಕೊಂಡರು. ನಮ್ಮಜ್ಜಿ ಆ ಸಮಿತಿಯನ್ನು ಕೇಳಿ ಬದುಕಿದವಳಲ್ಲ ಎಂದು ಬ್ರೂಕ್ಲಿನ್ ಅಜ್ಜಿ ಉತ್ತರಿಸಿದರು. ಚರ್ಚೆ ಏರುತ್ತ ಹೋಗಿ, ಬಾರ್ಬ್ರಾ ಅವರ ಹುಟ್ಟುಹಬ್ಬ ಮೂಲೆಗೆ ಸರಿಯಿತು. ನಾನು ಡಬ್ಬಿಯನ್ನು ಮುಚ್ಚಬೇಕೋ ತೆರೆದಿಡಬೇಕೋ ತಿಳಿಯದೆ ಮುಚ್ಚಳವನ್ನು ತಾಳದಂತೆ ಹಿಡಿದು ನಿಂತಿದ್ದೆ.

ಆಗ ಅತ್ತೆ ಬಾಯಿ ತೆರೆದರು. ಏಕಾದಶಿಯ ದಿನ ಅನ್ನ ಕೂಡದು ಎನ್ನುವವರ ಮನೆಯಲ್ಲಿಯೇ ಅವಲಕ್ಕಿ ನಡೆಯುತ್ತದೆ, ಅವಲಕ್ಕಿಯೂ ಅಕ್ಕಿಯೇ ಎಂದು ಎದುರುಮನೆಯವರು ಆಕ್ಷೇಪಿಸುತ್ತಾರೆ, ಅವರು ತಿನ್ನುವ ರವೆಯ ಉಪ್ಪಿಟ್ಟನ್ನು ಇವರು ಆಕ್ಷೇಪಿಸುತ್ತಾರೆ. ತಮ್ಮತ್ತೆ ಇವೆರಡನ್ನೂ ಮುಟ್ಟದೆ ಎಪ್ಪತ್ತು ವರ್ಷ ನಿರಾಹಾರ ಮಾಡಿದರು ಎಂದು, ಗಣಿತದ ಪ್ರಮೇಯ ಬಿಡಿಸುವ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದರು. ಕೊನೆಗೆ ಬ್ರೂಕ್ಲಿನ್ ಅಜ್ಜಿಯ ಕಡೆ ತಿರುಗಿ ಹಬ್ಬ ಮುಗಿಯುವುದು ಯಾವಾಗ ಎಂದು ಕೇಳಿದರು. ಮಂಗಳವಾರ ರಾತ್ರಿ ನಕ್ಷತ್ರ ಕಂಡ ಮೇಲೆ ಎಂದು ಉತ್ತರ ಬಂತು. “ಸರಿ, ಪಾರಣೆಗೆ ಆಯಿತು” ಎಂದು ನನಗೆ ಕನ್ನಡದಲ್ಲಿ ಹೇಳಿ, ಆರು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಅಜ್ಜಿಯ ಚೀಲಕ್ಕೆ ತಾವೇ ಹಾಕಿದರು. ಆಮೇಲೆ ಸಭೆಯ ಉಳಿದ ಒಂದು ಗಂಟೆ ಅವರಿಬ್ಬರೂ ಬಾರ್ಬ್ರಾ ಅವರ ತಾಯಿಯ ಪರವಾಗಿ ಒಂದಾಗಿ ವಾದಿಸಿದರು. ಪುಸ್ತಕದ ಯಾವ ಭಾಗ ಕೇಳಿದರೂ ಅತ್ತೆಯ ಬಳಿ ಉತ್ತರವಿತ್ತು. ನಾನು ಬಿಟ್ಟ ಐನೂರರಲ್ಲಿ ಇನ್ನೂರನ್ನು ಹಿಂದಿರುಗಿ ಓದಿದ್ದೆನಾದರೂ, ಅದನ್ನು ಯಾರೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಅಜ್ಜಿಯ ದೂರವಾಣಿ ಬಂತು. ನಮಸ್ಕಾರವನ್ನೂ ಹೇಳದೆ ನಿಮ್ಮತ್ತೆಗೆ ಕೊಡಿ ಎಂದರು. ಸ್ಪೀಕರಿನಲ್ಲಿ ಹಾಕಿ ಮೊಬೈಲನ್ನು ಅತ್ತೆಯ ಮುಂದಿಟ್ಟೆ. ಆರೂ ತುಂಡು ಮುಗಿದವೆಂದೂ, ಆ ‘ಮೈಝೂರ್ ಪಾಕ್’ ಮಾಡುವ ವಿಧಾನವನ್ನು ಬರೆದುಕೊಳ್ಳಲು ಕಾಗದ ಹಿಡಿದು ಕುಳಿತಿರುವೆನೆಂದೂ ಅಜ್ಜಿ ಹೇಳಿದರು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಮೊಬೈಲಿನ ಕಡೆ ಬಾಗಿದರು.

“ಝ ಅಲ್ಲ, ಸ” ಎಂದರು. “ಸಮುದ್ರದ ದಂಡೆಯ ‘ಸ್ಯಾಂಡ್’ ಇದೆಯಲ್ಲ, ಆ ಸ.”