ಮಲೆನಾಡಿನ ದಾರಂದಕ್ಕೆ ಒಣ ಹಲಗೆಯ ಪರೀಕ್ಷೆ ಸಾಲದು

ತೀರ್ಥಹಳ್ಳಿ, ಹೊಸನಗರದ ಕಡೆ ಹೊಸ ಮನೆ ಕಟ್ಟಿಸುವವರು ಬಚ್ಚಲುಮನೆಯ ದಾರಂದಕ್ಕೂ ಬಾಗಿಲಿಗೂ ಈಗ ಡಬ್ಲ್ಯೂಪಿಸಿಯನ್ನೇ ಕೇಳುತ್ತಿದ್ದಾರೆ. ಮರದ ಹುಡಿಯನ್ನು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಅಚ್ಚಿನಿಂದ ತೆಗೆದ ಈ ಹಲಗೆಯನ್ನು ಬೇಡವೆನ್ನಲು ನನಗೆ ಮನಸ್ಸಿಲ್ಲ. ಒಳ್ಳೆಯ ಹಲಸು, ಹೊನ್ನೆ ಎಲ್ಲರ ಕೈಗೆಟುಕುವ ಕಾಲ ಇದಲ್ಲ. ಆದರೆ ಅಂಗಡಿಯಲ್ಲಿ ತೋರಿಸುವ ಪರೀಕ್ಷಾ ವರದಿಯನ್ನು ನಮ್ಮ ಮಳೆಗಾಲವನ್ನು ನೆನೆದುಕೊಂಡೇ ಓದಬೇಕು.

ಬಲದ ಪರೀಕ್ಷೆಯಲ್ಲಿ ಪಟ್ಟಿಯನ್ನು ಎರಡು ಆಧಾರಗಳ ಮೇಲಿಟ್ಟು, ಯಂತ್ರದಿಂದ ನಡುವೆ ಒತ್ತುತ್ತಾ, ಅದು ಎಷ್ಟು ಬಾಗಿತು, ಎಷ್ಟು ಭಾರಕ್ಕೆ ಮುರಿಯಿತು ಎಂದು ಅಳೆಯುತ್ತಾರೆ. ಇದು ಕೆಲವೇ ನಿಮಿಷಗಳ ಕೆಲಸ. ಪ್ಲಾಸ್ಟಿಕ್ಕಿನ ಗುಣವೋ ಬೇರೆ: ಮುರಿಯದಷ್ಟು ಭಾರವನ್ನೇ ತಿಂಗಳುಗಟ್ಟಲೆ ಹೊತ್ತರೂ ಅದು ಮೆಲ್ಲಗೆ ಜೋಲುತ್ತದೆ, ಬಿಸಿಲಿಗೆ ಇನ್ನಷ್ಟು. ಅಟ್ಟಕ್ಕೆ ಹಾಸುವವರು ಆ ದೀರ್ಘಕಾಲದ ಭಾರದ ಅಂಕಿಯನ್ನೇ ಕೇಳಬೇಕು.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಮರದ ಕಣಗಳನ್ನು ಪ್ಲಾಸ್ಟಿಕ್ ಸುತ್ತುವರಿದಿರುವುದರಿಂದ ನೀರು ಬಹಳ ನಿಧಾನವಾಗಿ ಒಳಗಿಳಿಯುತ್ತದೆ. ಹಾಗಾಗಿ 24 ಗಂಟೆ ನೆನೆಸಿದಾಗ ಸಿಗುವ ಅಂಕಿ ಚಿಕ್ಕದಾಗಿಯೇ ಇರುತ್ತದೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸಿನ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗರಗಸದಿಂದ ಕೊಯ್ದ ತುದಿಯಲ್ಲೂ ಸ್ಕ್ರೂ ಕೊರೆದ ತೂತಿನಲ್ಲೂ ಕಣಗಳು ಬಯಲಾಗಿರುತ್ತವೆ. ಅವು ನೀರು ಕುಡಿದು ಉಬ್ಬಿದಾಗ ಸುತ್ತಲಿನ ಪ್ಲಾಸ್ಟಿಕ್ಕಿನ ಹಿಡಿತ ಸಡಿಲವಾಗುತ್ತದೆ. ಒಣಗಿದ ಮೇಲೂ ಅದು ಪೂರ್ತಿ ಮೊದಲಿನಂತಾಗುವುದಿಲ್ಲ. ಅಮೆರಿಕದ ಎವರ್‌ಗ್ಲೇಡ್ಸ್ ಜೌಗುನಾಡಿನ ಕಾಲುದಾರಿಗೆ ಹಾಕಿದ್ದ ಇಂಥ ಹಲಗೆಗಳಿಗೆ ಶಿಲೀಂಧ್ರ ಹತ್ತಿದ್ದು 1998ರಲ್ಲೇ ವರದಿಯಾಗಿದೆ. ಒಣ ತುಂಡಿನ ಮೇಲೆ ಕೆಲವು ವಾರ ಶಿಲೀಂಧ್ರ ಬೆಳೆಸಿ ನೋಡಿದರೆ ಈ ದೋಷ ಹೊರಬೀಳುವುದು ಕಷ್ಟ. ಮೊದಲು ಚೆನ್ನಾಗಿ ನೆನೆಸಿ, ಆಮೇಲೆ ಪರೀಕ್ಷಿಸಬೇಕು. ನೀರು ತಾಳುವ ಪ್ಲೈವುಡ್ಡಿಗಾಗಿ ಇರುವ ಭಾರತೀಯ ಮಾನಕ ಐಎಸ್ 710ರ ಗುಣಮಟ್ಟದ ಹಲಗೆಯನ್ನು 72 ಗಂಟೆ ಕುದಿಸಿ ನೋಡುವ ಕ್ರಮ ನಮ್ಮಲ್ಲಿ ಇದ್ದೇ ಇದೆ. ದಾರಂದದ ಹಲಗೆಗೂ ಅಷ್ಟೇ ಕಟ್ಟುನಿಟ್ಟು ಬೇಡವೇ?

ಇನ್ನೊಂದು ಮಾತು. ಡಬ್ಲ್ಯೂಪಿಸಿ ಎಂದು ಮಾರುವ ಬಾಗಿಲ ಹಲಗೆಗಳಲ್ಲಿ ಅನೇಕವು ಪಿವಿಸಿಯನ್ನು ನೊರೆಯಂತೆ ಉಬ್ಬಿಸಿ ಮಾಡಿದವು. ಅವುಗಳಲ್ಲಿ ಸಾಂದ್ರತೆ ಕಡಿಮೆಯಾದಷ್ಟೂ ಸ್ಕ್ರೂ ಹಿಡಿಯುವ ಶಕ್ತಿ ಕುಗ್ಗುತ್ತದೆ, ಬಾಗಿಲಿನ ಭಾರವೆಲ್ಲ ನಿಲ್ಲುವುದು ಹಿಂಜಿನ ಆ ನಾಲ್ಕಾರು ಸ್ಕ್ರೂಗಳ ಮೇಲೆಯೇ.

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಈ ವಸ್ತುವಿನ ಬಗ್ಗೆ ಸಂಶೋಧನೆ ನಡೆಸಿದೆ. ಪ್ರಯೋಗಾಲಯದ ಜೊತೆಗೆ ಆಗುಂಬೆ, ಹುಲಿಕಲ್ಲಿನಂಥ ಊರುಗಳ ಬಯಲಿನಲ್ಲೂ ಹಲಗೆಗಳನ್ನು ಕೆಲವು ಮಳೆಗಾಲ ಬಿಟ್ಟು, ಪ್ರತಿ ವರ್ಷ ಇಳಿಸಿ ಬಾಗಿಸಿ ನೋಡಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ಸರ್ಕಾರವನ್ನು ನಾವು ಕೇಳಬೇಕು. ಅಲ್ಲಿಯವರೆಗೆ, ಕೊಯ್ದ ತುದಿಗಳಿಗೆ ನೀರು ತಡೆಯುವ ಲೇಪ ಹಚ್ಚದೆ ದಾರಂದವನ್ನು ನೆಲಕ್ಕೆ ನಿಲ್ಲಿಸಲು ಬಡಗಿಗಳಿಗೆ ಬಿಡಬೇಡಿ.